ಅನುಮಾನ ಬಂದರೆ ನಿಲ್ಲುವ ಕಾರು

2025ರ ಡಿಸೆಂಬರ್ 20ರಂದು ವಿದ್ಯುತ್ ಸಬ್‌ಸ್ಟೇಷನ್ ಒಂದಕ್ಕೆ ಬೆಂಕಿ ಬಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಸುಮಾರು ಮೂರನೇ ಒಂದು ಭಾಗ ಕತ್ತಲಾಯಿತು. ಸಿಗ್ನಲ್ ದೀಪಗಳೂ ಆರಿದವು. ಚಾಲಕರಿದ್ದ ವಾಹನಗಳು ಒಂದಕ್ಕೊಂದು ದಾರಿ ಬಿಟ್ಟುಕೊಂಡು ಹೇಗೋ ಮುಂದೆ ಸಾಗಿದವು. ಚಾಲಕರಿಲ್ಲದ ವೇಮೋ ಟ್ಯಾಕ್ಸಿಗಳಲ್ಲಿ ಹಲವು ಮಾತ್ರ ನಡುರಸ್ತೆಯಲ್ಲೇ ನಿಂತುಬಿಟ್ಟವು.

ದೀಪ ಆರಿದ ಸಿಗ್ನಲ್ಲಿನಲ್ಲಿ ಹೇಗೆ ದಾಟಬೇಕೆಂದು ಅವಕ್ಕೆ ಗೊತ್ತಿಲ್ಲದೇನೂ ಇರಲಿಲ್ಲ. ಅನುಮಾನ ಬಂದರೆ ದೂರದ ಕೇಂದ್ರದಲ್ಲಿ ಕುಳಿತ ಸಿಬ್ಬಂದಿಯನ್ನು ಒಂದು ಮಾತು ಕೇಳಿಕೊಂಡು ಹೊರಡುವುದು ಅವುಗಳ ಕ್ರಮ. ಒಂದೆರಡು ಕಾರು ಕೇಳಿದರೆ ಉತ್ತರ ಕೂಡಲೇ ಸಿಗುತ್ತದೆ. ಅಂದು ಬಹಳಷ್ಟು ಕಾರುಗಳು ಒಟ್ಟಿಗೇ ಕೇಳಿದವು. ಉತ್ತರ ತಡವಾಯಿತು, ಹಿಂದೆ ವಾಹನಗಳ ಸಾಲು ಬೆಳೆಯಿತು. ಕೊನೆಗೆ ಕಂಪನಿ ಸೇವೆಯನ್ನೇ ತಾತ್ಕಾಲಿಕವಾಗಿ ನಿಲ್ಲಿಸಿತು.

ಈ ತಂತ್ರಜ್ಞಾನದವರು 'ಕನಿಷ್ಠ ಅಪಾಯದ ಸ್ಥಿತಿ' ಎಂಬ ಮಾತು ಬಳಸುತ್ತಾರೆ. ಮುಂದಿನದು ತಿಳಿಯದಿದ್ದಾಗ ಕಾರು ತಾನಾಗಿ ಸುರಕ್ಷಿತ ಸ್ಥಿತಿಗೆ ಬರಬೇಕು ಎಂದರ್ಥ. ಹೆಚ್ಚಿನ ಸಲ ಹಾಗೆಂದರೆ ನಿಲ್ಲುವುದೇ. ಆದರೆ ಅಪಾಯ ಕನಿಷ್ಠವಾಗುವುದು ಯಾರಿಗೆ? ಒಳಗೆ ಕುಳಿತವರಿಗೆ ಇರಬಹುದು. ಹಿಂದೆ ಬರುವ ಅಗ್ನಿಶಾಮಕ ವಾಹನಕ್ಕೆ ಅಲ್ಲ. ಇದೇ ನಗರದ ಅಗ್ನಿಶಾಮಕ ಇಲಾಖೆ 2023ರಲ್ಲೇ ಇಂಥ ಅಡ್ಡಿಗಳ ಬಗ್ಗೆ ಮತ್ತೆ ಮತ್ತೆ ದೂರಿತ್ತು.

ಹಾಗಾದರೆ ನಿಂತ ಕಾರು ಪಕ್ಕಕ್ಕೆ ಸರಿದುಕೊಂಡರೆ ಆಯಿತಲ್ಲ ಎನ್ನಬಹುದು. ಅದಕ್ಕೂ ಕಹಿ ಉತ್ತರವೊಂದಿದೆ. 2023ರ ಅಕ್ಟೋಬರ್ 2ರ ರಾತ್ರಿ ಅಲ್ಲಿ ಮನುಷ್ಯ ಓಡಿಸುತ್ತಿದ್ದ ಕಾರೊಂದು ಪಾದಚಾರಿ ಮಹಿಳೆಗೆ ಡಿಕ್ಕಿ ಹೊಡೆಯಿತು. ಆಕೆ ಪಕ್ಕದ ಕ್ರೂಸ್ ಕಂಪನಿಯ ರೋಬೋ ಟ್ಯಾಕ್ಸಿಯ ಮುಂದಕ್ಕೆ ಬಿದ್ದರು. ಟ್ಯಾಕ್ಸಿ ಬ್ರೇಕ್ ಹಾಕಿತು, ಆದರೂ ಆಕೆಗೆ ತಗುಲಿ ನಿಂತಿತು. ಅಲ್ಲಿಗೇ ನಿಂತಿದ್ದರೆ! ತನ್ನ ಬದಿಗೆ ಏನೋ ಬಡಿದಿದೆ ಎಂದು ತಪ್ಪಾಗಿ ಲೆಕ್ಕ ಹಾಕಿ, ನಿಯಮದಂತೆ ರಸ್ತೆಯಂಚಿಗೆ ಸರಿಯಲು ಹೊರಟಿತು. ಅಡಿಯಲ್ಲಿ ಸಿಲುಕಿದ್ದ ಆಕೆಯನ್ನು ಸುಮಾರು 20 ಅಡಿ ಎಳೆದೊಯ್ದಿತು. ಆ ತಿಂಗಳೇ ಕ್ಯಾಲಿಫೋರ್ನಿಯಾ ಕ್ರೂಸ್‌ನ ಚಾಲಕರಹಿತ ಪರವಾನಗಿಯನ್ನು ಅಮಾನತುಗೊಳಿಸಿತು. ಮರುವರ್ಷದ ಡಿಸೆಂಬರ್‌ನಲ್ಲಿ ಮಾತೃಸಂಸ್ಥೆ ಜನರಲ್ ಮೋಟಾರ್ಸ್ ಆ ಟ್ಯಾಕ್ಸಿ ಯೋಜನೆಗೆ ಹಣ ಹಾಕುವುದನ್ನೇ ಬಿಟ್ಟಿತು.

ಒಂದು ಕಡೆ ಹೊರಡಬೇಕಿತ್ತು, ನಿಂತವು. ಇನ್ನೊಂದು ಕಡೆ ನಿಂತಿರಬೇಕಿತ್ತು, ಹೊರಟಿತು. ಓಡುವುದಕ್ಕೆ ಎಷ್ಟು ತಿಳಿವಳಿಕೆ ಬೇಕೋ ನಿಲ್ಲುವುದಕ್ಕೂ ಅಷ್ಟೇ ಬೇಕು. ಅನುಮಾನ ಬಂದಾಗ ನಿಲ್ಲುವ ಯಂತ್ರವನ್ನು ನಾನು ದೂರುವುದಿಲ್ಲ, ನುಗ್ಗುವ ಯಂತ್ರಕ್ಕಿಂತ ಅದು ಎಷ್ಟೋ ಮೇಲು. ಆದರೆ ಪರವಾನಗಿ ಕೊಡುವವರು ಕಾರು ಎಷ್ಟು ಮೈಲಿ ಓಡಿತೆಂದು ಲೆಕ್ಕ ಕೇಳಿದರೆ ಸಾಲದು. ಕರೆಂಟ್ ಹೋದಾಗ, ನೆಟ್‌ವರ್ಕ್ ಸಿಗದಾಗ, ಸೈರನ್ ಕೇಳಿದಾಗ ಅದು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿನಲ್ಲಿ ದಾರಿ ಬಿಡುತ್ತದೆ ಎಂಬುದನ್ನು ರಸ್ತೆಗಿಳಿಸುವ ಮೊದಲೇ ಪರೀಕ್ಷಿಸಲಿ.