ಕಣ್ಣಿಗೆ ಬೀಳದ ತಂತಿ

1943ರ ಪ್ಯಾರಿಸ್. ನಗರಕ್ಕೆ ಅಂಟಿಕೊಂಡ ನ್ಯೂಯಿ ಬಡಾವಣೆಯ ಒಂದು ಬೀದಿಯ ತುಂಬ ಜರ್ಮನ್ ಅಧಿಕಾರಿಗಳೇ ಬೀಡುಬಿಟ್ಟಿದ್ದರು. ಅಲ್ಲೇ ಯುವತಿಯೊಬ್ಬಳು ಮನೆಯೆದುರಿನ ಮರಕ್ಕೆ ಉದ್ದನೆಯ ತಂತಿ ಕಟ್ಟಲು ಹೆಣಗುತ್ತಿದ್ದಳು. ಅದನ್ನು ಕಂಡ ಜರ್ಮನ್ ಅಧಿಕಾರಿಯೊಬ್ಬ ಸೌಜನ್ಯದಿಂದ ತಾನೇ ಕಟ್ಟಿಕೊಟ್ಟು ಹೋದನೆಂದು ಅವಳ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಆ ತಂತಿ ಲಂಡನ್ನಿಗೆ ಗುಪ್ತ ಸಂದೇಶ ಕಳಿಸುವ ಆಂಟೆನಾ. ಯುವತಿಯ ಹೆಸರು ನೂರ್ ಇನಾಯತ್ ಖಾನ್. ಬ್ರಿಟನ್ನಿನ ಗೂಢಚರ್ಯೆ ಸಂಸ್ಥೆ ಎಸ್‌ಒಇಯ ರೇಡಿಯೊ ಆಪರೇಟರ್, ನಮ್ಮ ಟಿಪ್ಪು ಸುಲ್ತಾನನ ವಂಶದ ಕುಡಿ. ಅಕ್ಟೋಬರಿನಲ್ಲಿ ಸೆರೆಸಿಕ್ಕ ಆಕೆಯನ್ನು 1944ರ ಸೆಪ್ಟೆಂಬರ್ 13ರಂದು ನಾಜಿಗಳ ಡಖಾವ್ ಶಿಬಿರದಲ್ಲಿ ಕೊಲ್ಲಲಾಯಿತು.

ಗೂಢಚಾರರ ಕಾಲ ಮುಗಿದರೂ ತಂತಿ ಅಡಗಿಸುವ ಕಷ್ಟ ಮುಗಿದಿಲ್ಲ. ಎರಡನೇ ಮಹಾಯುದ್ಧದ ಸೇನಾ ರೇಡಿಯೊಗಳನ್ನು ಹುಡುಕಿ, ರಿಪೇರಿ ಮಾಡಿ, ಮತ್ತೆ ಮಾತಾಡಿಸುವ ಹವ್ಯಾಸಿಗಳು ಬ್ರಿಟನ್, ಅಮೆರಿಕಗಳಲ್ಲಿ ಬಹಳ ಮಂದಿ ಇದ್ದಾರೆ. ಪೆಟ್ಟಿಗೆ ಮೇಜಿನ ಮೇಲೆ ಕೂರುತ್ತದೆ, ಆಂಟೆನಾ ಕೂರುವುದಿಲ್ಲ. ಬ್ರಿಟನ್ನಿನ ಹಳೆಯ ಸೇನಾ ರೇಡಿಯೊ ಪ್ರಿಯರು ಶನಿವಾರ ಬೆಳಿಗ್ಗೆ 3.615 ಮೆಗಾಹರ್ಟ್ಸ್‌ನಲ್ಲಿ ಸೇರುತ್ತಾರೆ. ಆ ಕಂಪನಾಂಕಕ್ಕೆ ಅರ್ಧ ತರಂಗದ ತಂತಿಯೆಂದರೆ ಹೆಚ್ಚುಕಡಿಮೆ 39 ಮೀಟರ್. ಅಷ್ಟು ಉದ್ದದ ಹಿತ್ತಲು ಎಷ್ಟು ಮನೆಗಳಿಗಿದೆ?

ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ಮೊದಲು ಶುರುವಾದದ್ದು ಆಕಾಶದಲ್ಲಿ. ಹಾರುವ ವಾಯುನೌಕೆಯಲ್ಲಿ ಕಂಬ ನೆಡುವಂತಿಲ್ಲ, ಎರಡೂ ಕಡೆಗೆ ತಂತಿ ಚಾಚುವಂತಿಲ್ಲ. ಜರ್ಮನಿಯ ಹಾನ್ಸ್ ಬೆಗ್ಗೆರೋ 1909ರಲ್ಲಿ ಒಂದು ತುದಿಯಿಂದಲೇ ವಿದ್ಯುತ್ ಉಣಿಸುವ, ಕೆಳಗೆ ಇಳಿಬಿಡುವ ತಂತಿಗೆ ಪೇಟೆಂಟ್ ಪಡೆದ. ಅದಕ್ಕೆ ‘ಜೆಪ್’ ಎಂಬ ಹೆಸರು ಬಂತು. 1920ರ ದಶಕದಲ್ಲಿ ಆಸ್ಟ್ರಿಯಾದ ಯೋಸೆಫ್ ಫುಕ್ಸ್ ಅದನ್ನು ಇನ್ನೂ ಸರಳಗೊಳಿಸಿದ: ಅರ್ಧ ತರಂಗದ ತಂತಿ, ಅದರ ಬುಡದಲ್ಲಿ ಒಂದು ಸುರುಳಿ, ಒಂದು ಕೆಪಾಸಿಟರ್. ತಂತಿಯ ಒಂದು ತುದಿ ಕಿಟಕಿಯೊಳಗೆ, ಇನ್ನೊಂದು ತುದಿ ಮರದ ಮೇಲೆ. ಇಂದು ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊ ಬಳಕೆದಾರರು, ಬಳಸುವ ‘ಎಂಡ್ ಫೆಡ್’ ಆಂಟೆನಾದ ಪೂರ್ವಜರು ಇವೇ.

ಆಂಟೆನಾ ಎದ್ದು ಕಂಡರೆ ಏನಾಗುತ್ತದೆಂದು ಕಲಿಸಿದ್ದು ಯುದ್ಧ. ಜರ್ಮನ್ ಸೇನೆಯ ರೇಡಿಯೊ ವಾಹನಗಳ ನೆತ್ತಿಯ ಮೇಲೆ ಮಂಚದಂಥ ಲೋಹದ ಆಂಟೆನಾ ಚೌಕಟ್ಟು ಇರುತ್ತಿತ್ತು. ಜರ್ಮನ್ ಸೇನಾನಿ ರೊಮೆಲ್ ಓಡಾಡುತ್ತಿದ್ದ ‘ಗ್ರೈಫ್’ ವಾಹನದ ಚಿತ್ರಗಳಲ್ಲಿ ಅದನ್ನು ನೋಡಬಹುದು. ಹಿರಿಯ ಅಧಿಕಾರಿ ಎಲ್ಲಿದ್ದಾನೆಂದು ದೂರದಿಂದಲೇ ಸಾರುತ್ತಿದ್ದ ಆ ಚೌಕಟ್ಟಿನ ಜಾಗಕ್ಕೆ ಮುಂದೆ, ತುದಿಯಲ್ಲಿ ಕಡ್ಡಿಗಳು ಕವಲೊಡೆದ ತೆಳ್ಳನೆಯ ‘ನಕ್ಷತ್ರ’ ಆಂಟೆನಾ ಬಂತು.

ಬ್ರಿಟಿಷರ ಟ್ಯಾಂಕುಗಳಲ್ಲಿದ್ದದ್ದು ‘ವೈರ್‌ಲೆಸ್ ಸೆಟ್ ನಂಬರ್ 19’. ಇಂದಿನ ಸಂಗ್ರಾಹಕರ ಅಚ್ಚುಮೆಚ್ಚಿನ ಸೆಟ್ ಅದು. 2ರಿಂದ 8 ಮೆಗಾಹರ್ಟ್ಸ್‌ವರೆಗೆ ಕೆಲಸ ಮಾಡುವ ಇದರ ಕೆನಡಾ ಮಾದರಿಗಳ ಮುಖದ ಮೇಲೆ ಇಂಗ್ಲಿಷ್ ಜೊತೆಗೆ ರಷ್ಯನ್ ಅಕ್ಷರಗಳೂ ಇವೆ. ಸೋವಿಯತ್ ಸೇನೆಗೂ ಹೋಗಬೇಕಿತ್ತಲ್ಲ! ಟ್ಯಾಂಕಿನ ಮೇಲೆ ಹಿಡಿಸುತ್ತಿದ್ದದ್ದು 8 ಇಲ್ಲವೇ 12 ಅಡಿಯ ಕಡ್ಡಿ ಮಾತ್ರ. ಆ ಕಂಪನಾಂಕಗಳಿಗೆ ಅದು ತೀರಾ ಗಿಡ್ಡ. ಕೊರತೆ ತುಂಬಲು ‘ವೇರಿಯೋಮೀಟರ್’ ಎಂಬ ಪುಟ್ಟ ಡಬ್ಬಿ ಕೊಟ್ಟರು. ಒಳಗೆ ಒಂದು ಸುರುಳಿ, ಅದರೊಳಗೆ ತಿರುಗುವ ಇನ್ನೊಂದು ಸುರುಳಿ. ಆಪರೇಟರ್ ಗುಂಡಿ ತಿರುಗಿಸುತ್ತ ಸೆಟ್ಟಿನ ಮೀಟರ್ ನೋಡುತ್ತಾನೆ. ಮುಳ್ಳು ಅತಿ ಹೆಚ್ಚು ಏರಿದಲ್ಲಿ ನಿಲ್ಲಿಸುತ್ತಾನೆ. ಆಂಟೆನಾಗೆ ಗರಿಷ್ಠ ಕರೆಂಟ್ ಹರಿಯುವ ಜಾಗ ಅದೇ.

ಹಳೆಯ ಸೇನಾ ಸೆಟ್ಟುಗಳ ಹೆಚ್ಚುಗಾರಿಕೆ ಇಲ್ಲಿದೆ. ಅವನ್ನು ಕಟ್ಟಿದ್ದೇ ಅನುಕೂಲವಿಲ್ಲದ ಜಾಗಗಳಿಗೆ, ಸಿಕ್ಕ ತಂತಿಗೆ ಹೊಂದಿಕೊಳ್ಳಲಿ ಎಂದು. ಮನೆಯಲ್ಲಿ ಆಂಟೆನಾ ಅಡಗಿಸಬೇಕಾದವನಿಗೆ ಅರ್ಧ ಕೆಲಸವನ್ನು 1940ರ ದಶಕದ ಎಂಜಿನಿಯರ್‌ಗಳೇ ಮಾಡಿಟ್ಟಿದ್ದಾರೆ.

ತಂತಿ ಕಟ್ಟಲು ಜಾಗವೇ ಇಲ್ಲದಿದ್ದರೆ? ಅದಕ್ಕೆ ದಾರಿ ತೋರಿಸಿದ್ದು ವಿಯೆಟ್ನಾಂ ಯುದ್ಧದ ಕಾಲ. ಅಮೆರಿಕ ಸೇನೆಗಾಗಿ ರೂಪಿಸಿದ ಅಷ್ಟಕೋನದ ಲೂಪ್ ಆಂಟೆನಾವನ್ನು ಕೆನೆತ್ ಪ್ಯಾಟರ್ಸನ್ 1967ರಲ್ಲಿ ವಿವರಿಸಿದ. ಅದರ ಮುಂದಿನ ಪೀಳಿಗೆಯ ತಾಮ್ರದ ಬಳೆಗಳು ಈಗ ಬಾಲ್ಕನಿಗಳಲ್ಲಿವೆ. ಆದರೆ ಕಂಪನಾಂಕ ತುಸು ಬದಲಿಸಿದರೂ ಬಳೆಗೆ ಜೋಡಿಸಿದ ಕೆಪಾಸಿಟರನ್ನು ಮತ್ತೆ ಹೊಂದಿಸಬೇಕು. 20 ವಾಟ್ ಕೊಟ್ಟರೂ ಅದರ ಮೇಲಿನ ವೋಲ್ಟೇಜ್ ಸಾವಿರ ದಾಟಬಹುದು.

ಅಡಗಿಸಬಲ್ಲ ಆಂಟೆನಾಗಳ ಬೇಡಿಕೆ ಹೆಚ್ಚಿಸಿದ್ದು ಕಾನೂನು ಬಿಟ್ಟ ಕಂಡಿ. ಅಮೆರಿಕದ ಸಂಪರ್ಕ ಆಯೋಗ 1985ರಲ್ಲಿ ಹವ್ಯಾಸಿಗಳ ಆಂಟೆನಾಗೆ ಸ್ಥಳೀಯ ಆಡಳಿತಗಳು ವಿನಾಕಾರಣ ಅಡ್ಡಗಾಲು ಹಾಕದಂತೆ ಆದೇಶಿಸಿತು. ಆಂಟೆನಾ ಬೇಡವೆನ್ನುವ ಬಡಾವಣೆಗಳ ಖಾಸಗಿ ಕರಾರುಗಳನ್ನು ಮಾತ್ರ ಮುಟ್ಟಲಿಲ್ಲ. ಧ್ವಜಸ್ತಂಭದೊಳಗೆ, ಅಟ್ಟದ ಮೇಲೆ, ಮಳೆನೀರಿನ ದೋಣಿಯ ಅಂಚಿನಲ್ಲಿ ಆಂಟೆನಾ ಬಚ್ಚಿಡುವ ಕಲೆ ಬೆಳೆದದ್ದು ಹೀಗೆ.

ಹಾಗಾದರೆ ಯಾವುದನ್ನು ಆರಿಸಬೇಕು? ಕೇಳಲಷ್ಟೇ ಸೆಟ್ ಬೇಕಿದ್ದರೆ ಹತ್ತು ಮೀಟರ್ ತಂತಿ ಧಾರಾಳ ಸಾಕು. ಅದು ಮನೆಯ ಹೊರಗಿರಲಿ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳ ಗದ್ದಲ ಒಳಗಿನ ತಂತಿಗೇ ಮೊದಲು ಅಂಟುತ್ತದೆ. ಪ್ರಸಾರವೂ ಬೇಕಿದ್ದರೆ 7 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್ ತಂತಿ. ಕಂದು ಅಥವಾ ಹಸಿರು ಹೊದಿಕೆಯ ತೆಳು ತಂತಿಯನ್ನು ಸೂರಿನಿಂದ ಮರಕ್ಕೆ ಎಳೆದರೆ ಹತ್ತು ಹೆಜ್ಜೆ ಆಚೆಗೆ ಕಾಣುವುದಿಲ್ಲ. ಮಧ್ಯೆ ಬಾಗಿದರೂ ಚಿಂತೆಯಿಲ್ಲ. ಬುಡದಲ್ಲಿ ಹೊಂದಾಣಿಕೆಯ ಡಬ್ಬಿ ಇರಲೇಬೇಕು. ಪ್ರಸಾರದ ವೇಳೆ ತುದಿ ಮುಟ್ಟಿದರೆ ಸುಡುತ್ತದೆ, ಮಕ್ಕಳ ಕೈಗೆ ಎಟುಕದಿರಲಿ. ವಿದ್ಯುತ್ ಲೈನಿನ ಹತ್ತಿರ ಸುಳಿಯಬಾರದು. ಗುಡುಗಿನ ಸೂಚನೆ ಕಂಡೊಡನೆ ಸೆಟ್ಟಿನಿಂದ ಕಳಚಬೇಕು.

ತಂತಿಯನ್ನು ನೆರೆಹೊರೆಯವರ ಕಣ್ಣಿನಿಂದ ಬಚ್ಚಿಡಬಹುದು, ಸರ್ಕಾರದಿಂದಲ್ಲ. ಭಾರತದಲ್ಲಿ ಹಳೆಯ ಸೆಟ್ಟಿನ ಪ್ರಸಾರದ ಗುಂಡಿ ಒತ್ತುವ ಮೊದಲು ಹವ್ಯಾಸಿ ರೇಡಿಯೊ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆಯಿರಿ.