ಬೆಲ್ಟ್ ಜಾರುತ್ತಿದೆಯೇ? ಕಾರಣ ತಿಳಿದು ಸರಿಪಡಿಸಿ

ರಾಗಿ ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರ, ಡೀಸೆಲ್ ಇಂಜಿನ್ನಿಗೆ ಜೋಡಿಸಿದ ಪಂಪು ಮುಂತಾದವುಗಳಿಗೆ ಶಕ್ತಿ ತಲುಪುವುದು ಸಾಮಾನ್ಯವಾಗಿ ಬೆಲ್ಟಿನ ಮೂಲಕ. ಬೆಲ್ಟ್ ಜಾರಿದರೆ ಎಣ್ಣೆ ಖರ್ಚಾಗುತ್ತದೆಯೇ ಹೊರತು ಕೆಲಸ ಸಾಗುವುದಿಲ್ಲ. ಪಂಪಿನ ವೇಗ ಶೇಕಡ 10ರಷ್ಟು ಇಳಿದರೆ ಅದು ನೀರೆತ್ತಬಲ್ಲ ಎತ್ತರ ಶೇಕಡ 19ರಷ್ಟು ತಗ್ಗುತ್ತದೆ. ಒಕ್ಕಣೆ ಯಂತ್ರದಲ್ಲಿ ಡ್ರಮ್ಮಿನ ವೇಗ ಕುಗ್ಗಿ ತೆನೆ ಸಿಕ್ಕಿಕೊಳ್ಳುತ್ತದೆ. ಅದನ್ನು ಕೈಯಿಂದ ತಳ್ಳಹೋಗಿ ಕೈ ಕಳೆದುಕೊಂಡವರಿದ್ದಾರೆ. ಒಕ್ಕಣೆ ಯಂತ್ರಗಳ ಸುರಕ್ಷತೆಗಾಗಿ 1983ರಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಬೇಕಾಯಿತು.

ರಾಳ ಹಾಕಬೇಡಿ

ಜಾರುವ ಬೆಲ್ಟಿಗೆ ರಾಳ ಹಾಕುವುದು ಚರ್ಮದ ಪಟ್ಟೆ ಬೆಲ್ಟಿನ ಕಾಲದ ರೂಢಿ. ರಬ್ಬರಿನ ವಿ-ಬೆಲ್ಟಿಗೆ ಇದು ಸಲ್ಲದು. ಅಂಟಿಗೆ ಧೂಳು, ಹೊಟ್ಟು ಮೆತ್ತಿಕೊಂಡು ಬೆಲ್ಟ್ ಬೇಗ ಕೆಡುತ್ತದೆ. ವಿ-ಬೆಲ್ಟಿಗೆ ಹಿಡಿತ ಸಿಗುವುದು ಪುಲ್ಲಿಯ ಜಾಡಿನ ಎರಡು ಪಕ್ಕಗಳಿಂದ, ತಳದಿಂದಲ್ಲ. ಈ ಪಕ್ಕಗಳು ಒಣಗಿ, ಚೊಕ್ಕಟವಾಗಿ, ಸವೆಯದೆ ಇದ್ದರೆ ರಾಳದ ಅವಶ್ಯಕತೆಯೇ ಇರದು.

ಪರೀಕ್ಷಿಸುವ ಕ್ರಮ

1. ಇಂಜಿನ್ ನಿಲ್ಲಿಸಿ. ವಿದ್ಯುತ್ ಮೋಟಾರಾದರೆ ಮೈನ್ ಸ್ವಿಚ್ ಆರಿಸಿ ಫ್ಯೂಸ್ ಕಳಚಿಡಿ. ಓಡುವ ಬೆಲ್ಟನ್ನು ಎಂದಿಗೂ ಮುಟ್ಟಬೇಡಿ.

2. ಎಣ್ಣೆ ಅಥವಾ ಗ್ರೀಸ್ ತಗುಲಿದ್ದರೆ ಮೊದಲು ಸೋರಿಕೆ ನಿಲ್ಲಿಸಿ. ಪುಲ್ಲಿ, ಬೆಲ್ಟುಗಳನ್ನು ಸಾಬೂನು ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ. ಸೀಮೆಎಣ್ಣೆ, ಪೆಟ್ರೋಲ್ ಬಳಸಬೇಡಿ. ಎಣ್ಣೆ ಕುಡಿದು ಉಬ್ಬಿದ ಬೆಲ್ಟನ್ನು ಬದಲಿಸಿ.

3. ಜಾಡಿನ ತಳ ಹೊಳೆಯುತ್ತಿದ್ದರೆ ಬೆಲ್ಟ್ ತಳಕ್ಕೆ ತಾಗುತ್ತಿದೆ ಎಂದರ್ಥ. ಬೆಲ್ಟ್ ಸವೆದಿದ್ದರೆ ಬೆಲ್ಟನ್ನು, ಜಾಡಿನ ಪಕ್ಕಗಳು ಸವೆದು ಹಳ್ಳ ಬಿದ್ದಿದ್ದರೆ ಪುಲ್ಲಿಯನ್ನೂ ಬದಲಿಸಿ. ಸವೆದ ಪುಲ್ಲಿಗೆ ಹೊಸ ಬೆಲ್ಟ್ ಹಾಕಿದರೆ ಹಣ ದಂಡ.

4. ಎರಡು ಪುಲ್ಲಿಗಳ ಪಕ್ಕಕ್ಕೆ ನೂಲನ್ನು ಬಿಗಿಯಾಗಿ ಹಿಡಿಯಿರಿ. ಅಂಚಿನ ದಪ್ಪ ಒಂದೇ ಇರುವ ಪುಲ್ಲಿಗಳಾದರೆ ನೂಲು ನಾಲ್ಕು ಕಡೆ ತಗುಲಬೇಕು. ಇಲ್ಲವಾದರೆ ಮೋಟಾರನ್ನು ಸರಿಸಿ ನೇರ ಮಾಡಿ.

5. ಎರಡು ಪುಲ್ಲಿಗಳ ನಡುವೆ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒಂದು ಮೀಟರ್ ಅಂತರಕ್ಕೆ ಸುಮಾರು 16 ಮಿ.ಮೀ. ತಗ್ಗಿದರೆ ಬಿಗಿ ಸರಿಯಾಗಿದೆ. ಅತಿಯಾಗಿ ಬಿಗಿದರೆ ಬೇರಿಂಗ್ ಕಾಯ್ದು ಹಾಳಾಗುತ್ತದೆ.

ಹೊಸ ಬೆಲ್ಟ್ ಕೊಳ್ಳುವಾಗ

ಹಳೆಯ ಬೆಲ್ಟನ್ನು ಜೊತೆಗೆ ಒಯ್ಯಿರಿ. ಊರಿನಲ್ಲಿ ದೊರೆಯದಿದ್ದರೆ ಬೆಂಗಳೂರಿನ ಮಾಮೂಲ್‌ಪೇಟೆಗೆ ಸಮೀಪದ ಎಸ್.ಜೆ.ಪಿ. ರಸ್ತೆಯ ಯಂತ್ರಸಾಮಗ್ರಿ ಅಂಗಡಿಗಳಲ್ಲಿ ವಿಚಾರಿಸಬಹುದು. ಬೆಲ್ಟಿನ ಮೇಲಿರುವ 'ಬಿ 60' ಎಂಬ ಗುರುತಿನಲ್ಲಿ 'ಬಿ' ಎಂಬುದು ಅಡ್ಡಳತೆಯ ವರ್ಗ, 60 ಎಂಬುದು ಒಳಸುತ್ತಿನ ಅಂಗುಲ. ಹೊಸ ಬೆಲ್ಟಿನ ಮೇಲ್ಭಾಗದ ಅಗಲ 'ಎ' ವರ್ಗಕ್ಕೆ 13, 'ಬಿ'ಗೆ 17, 'ಸಿ'ಗೆ 22 ಮಿ.ಮೀ. ಒಂದೇ ಪುಲ್ಲಿಯಲ್ಲಿ ಎರಡು ಮೂರು ಬೆಲ್ಟುಗಳಿದ್ದರೆ ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಇಲ್ಲದಿದ್ದರೆ ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ.

ಬೆಲ್ಟನ್ನು ಹಾರೆಯಿಂದ ಮೀಟಿ ಹಾಕಬೇಡಿ. ಒಳಗಿನ ದಾರ ಕಡಿಯುತ್ತದೆ. ಮೋಟಾರನ್ನು ಹತ್ತಿರ ಸರಿಸಿ ಹಾಕಿ, ಅನಂತರ ಬಿಗಿಮಾಡಿ. ಹೊಸ ಬೆಲ್ಟ್ ಮೊದಲ ದಿನದ ಓಟದಲ್ಲಿ ಸಡಿಲವಾಗುವುದರಿಂದ ಮತ್ತೊಮ್ಮೆ ಬಿಗಿ ನೋಡಿ. ಕೊನೆಯಲ್ಲಿ ಬೆಲ್ಟಿನ ಮೇಲಿನ ರಕ್ಷಾ ಕವಚವನ್ನು ಮರೆಯದೆ ಹಾಕಿದ ಮೇಲೆಯೇ ಯಂತ್ರ ಚಾಲೂ ಮಾಡಿ.