ಸಮುದ್ರನೊರೆಯ ಒಡೆಯನಿಗೆ ಊಟ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—ಈ ಐದು ಊರುಗಳಲ್ಲಿ ಯಾವುದರಿಂದ ಹೊರಟರೂ ಅರಬ್ಬೀ ಸಮುದ್ರದ ದಂಡೆಯನ್ನು ಮುಟ್ಟಬೇಕಾದರೆ ಸುಮಾರು ಇನ್ನೂರು ಕಿಲೋಮೀಟರು, ಇಲ್ಲವೆ ಅದಕ್ಕೂ ಹೆಚ್ಚು ದೂರ ಕ್ರಮಿಸಬೇಕಾಗುತ್ತದೆ. ಜೋಳ, ಸಜ್ಜೆ, ಶೇಂಗಾ ಬೆಳೆಯುವ ಈ ಒಣನೆಲಕ್ಕೂ ಕಡಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಪೇಟೆಯಲ್ಲಿರುವ ಹಳೆಯ ಗ್ರಂಧಿಗೆ ಅಂಗಡಿಯೊಂದನ್ನು ಹೊಕ್ಕು ‘ಸಮುದ್ರನೊರೆ’ ಇದೆಯೆ ಎಂದು ವಿಚಾರಿಸಿ ನೋಡಿ. ಅಳಲೆಕಾಯಿ, ಬಜೆ, ಹಿಪ್ಪಲಿಗಳ ನಡುವಿನಿಂದ ಅಂಗಡಿಯವರು ಬೆಳ್ಳಗಿನ, ಹಗುರವಾದ, ದೋಣಿಯ ಆಕಾರದ ಒಂದು ತುಂಡನ್ನು ತೆಗೆದುಕೊಡುವುದುಂಟು. ಸಂಸ್ಕೃತದಲ್ಲಿ ಇದಕ್ಕೆ ಸಮುದ್ರಫೇನವೆಂದು ಹೆಸರು. ನಾಟಿವೈದ್ಯರು ಇದನ್ನು ಅರೆದು ಔಷಧಕ್ಕೆ ಬಳಸುತ್ತಾರೆ. ಪಂಜರದ ಹಕ್ಕಿಗಳನ್ನು ಸಾಕುವವರು ಅವುಗಳಿಗೆ ಸುಣ್ಣದ ಅಂಶ ದೊರೆಯಲೆಂದು ತಂತಿಗೆ ಕಟ್ಟಿ ತೂಗಹಾಕುತ್ತಾರೆ.

ಹೆಸರು ನೊರೆಯೆಂದಿದ್ದರೂ ಇದು ನೊರೆಯಲ್ಲ. ಒಂದು ಪ್ರಾಣಿಯ ದೇಹದೊಳಗಿನ ಚಿಪ್ಪು. ಆ ಪ್ರಾಣಿಯೇ ಕಟಲ್ ಮೀನು. ಹೆಸರಿನಲ್ಲಿ ಮೀನಾದರೂ ಜಾತಿಯಲ್ಲಿ ಅದು ಮೃದ್ವಂಗಿ, ಅಂದರೆ ನಮ್ಮ ಹೊಲದ ಬಸವನಹುಳುವಿನ ದೂರದ ನೆಂಟ. ಮಂಗಳೂರು, ಮಲ್ಪೆ, ಕಾರವಾರಗಳ ದೋಣಿಗಳು ಇದನ್ನು ಹಿಡಿದು ತರುತ್ತವೆ. ಕರಾವಳಿಯ ಮೀನುಪೇಟೆಯಲ್ಲಿ ಇದಕ್ಕೂ ಇದರ ಬಂಧುವಾದ ಸ್ಕ್ವಿಡ್‌ಗೂ ಬೊಂಡಾಸ್ ಎಂಬ ಹೆಸರಿದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಹೇರಳವಾಗಿ ಸಿಕ್ಕುವ ಜಾತಿಗೆ ಪ್ರಾಣಿಶಾಸ್ತ್ರಜ್ಞರು ಸೀಪಿಯ ಫರವೋನಿಸ್ ಎಂದು ಹೆಸರಿಟ್ಟಿದ್ದಾರೆ.

ಈ ಚಿಪ್ಪಿನಲ್ಲಿ ಒಂದು ಸೋಜಿಗವಿದೆ. ಅದು ಸುಣ್ಣದ ತೆಳುಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಬೆಳೆಯುತ್ತದೆ. ಹಾಳೆಗಳ ನಡುವಣ ಕೋಣೆಗಳಲ್ಲಿ ಅನಿಲವೂ ದ್ರವವೂ ಇರುತ್ತವೆ. ಅವುಗಳ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಿಕೊಂಡು ಪ್ರಾಣಿಯು ನೀರಿನಲ್ಲಿ ಮುಳುಗದೆ, ತೇಲದೆ, ಬೇಕಾದ ಮಟ್ಟದಲ್ಲಿ ನಿಲ್ಲುತ್ತದೆ. ಹೊಟ್ಟೆ ತುಂಬ ಉಂಡು ಬೆಳೆದ ಪ್ರಾಣಿಯ ಚಿಪ್ಪಿನಲ್ಲಿ ಈ ಹಾಳೆಗಳು ಅಗಲವಾಗಿ ಬಿಡಿಬಿಡಿಯಾಗಿರುತ್ತವೆ. ಬಹುಕಾಲ ಅರೆಹೊಟ್ಟೆಯಲ್ಲಿದ್ದ ಪ್ರಾಣಿಯಲ್ಲಿ ಅವು ಒತ್ತೊತ್ತಾಗಿಬಿಡುತ್ತವೆ. ಅಂಗಡಿಯಲ್ಲಿ ನಿಮ್ಮ ಕೈಗೆ ಬಂದುದು ಬರಿಯ ಔಷಧದ್ರವ್ಯವಲ್ಲ, ಒಂದು ಜೀವದ ಊಟದ ಲೆಕ್ಕದ ಪುಸ್ತಕವೂ ಹೌದು.

ಈಚೆಗೆ ಕೆಲವು ದೇಶಗಳಲ್ಲಿ ಹವ್ಯಾಸಿಗಳು ಈ ಪ್ರಾಣಿಯನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುತ್ತಿದ್ದಾರೆ. ಕ್ಷಣಕ್ಷಣಕ್ಕೂ ಬಣ್ಣ ಬದಲಿಸುವ, ನೋಡುವವರನ್ನೇ ದಿಟ್ಟಿಸಿ ನೋಡುವ ಇಂತಹ ಪ್ರಾಣಿಯ ಮೇಲೆ ಯಾರಿಗೆ ಮೋಹ ಹುಟ್ಟುವುದಿಲ್ಲ? ಆದರೆ ತೊಟ್ಟಿಯಲ್ಲಿ ಸಾಯುವ ಮರಿಗಳಲ್ಲಿ ಬಹಳಷ್ಟು ಸಾಯುವುದು ಆಹಾರದ ದೋಷದಿಂದಲೇ. ಬಣ್ಣದ ಮೀನುಗಳಿಗೆ ಹಾಕುವಂತೆ ಎರಡು ಚಿಟಿಕೆ ಒಣಕಾಳನ್ನು ಉದುರಿಸಿದರೆ ಅದು ಇದರ ಪಾಲಿಗೆ ಮರಳಿಗೆ ಸಮಾನ.

ಕಾರಣ ತಿಳಿಯಬೇಕಾದರೆ ಅದು ಬೇಟೆಯಾಡುವ ಬಗೆಯನ್ನು ನೋಡಬೇಕು. ಸೀಗಡಿಯೊಂದು ಅಲುಗಾಡಿದೊಡನೆ ಕಟಲ್ ಮೀನಿನ ಎರಡು ಕಣ್ಣುಗಳೂ ಅತ್ತ ತಿರುಗುತ್ತವೆ. ಮೈಬಣ್ಣ ಬದಲಾಗುತ್ತದೆ. ಮೆಲ್ಲನೆ ಮುಂದೆ ಸರಿದು, ತಕ್ಕ ಅಂತರದಲ್ಲಿ ನಿಂತು, ಎಂಟು ತೋಳುಗಳ ನಡುವೆ ಅಡಗಿಸಿಟ್ಟುಕೊಂಡಿದ್ದ ಎರಡು ಉದ್ದನೆಯ ಬಾಹುಗಳನ್ನು ಬಾಣದಂತೆ ಚಿಮ್ಮಿಸುತ್ತದೆ. ಈ ಚಿಮ್ಮುವಿಕೆಗೆ ಸೆಕೆಂಡಿನ ಹತ್ತರಲ್ಲೊಂದು ಭಾಗಕ್ಕಿಂತಲೂ ಬಹಳ ಕಡಿಮೆ ಕಾಲ ಸಾಕು. ಅನಂತರ ಗಿಳಿಯ ಕೊಕ್ಕಿನಂತಹ ಬಾಯಿಂದ ಬೇಟೆಯನ್ನು ಕತ್ತರಿಸಿ ತಿನ್ನುತ್ತದೆ. ಇಲ್ಲಿ ಬೇಟೆಗೆ ಕರೆಕೊಡುವುದು ಮುಖ್ಯವಾಗಿ ಕಣ್ಣು. ಅಲುಗದ ವಸ್ತು ಮರಿಯ ಪಾಲಿಗೆ ಆಹಾರವೇ ಅಲ್ಲ.

ಮೊಟ್ಟೆಯಿಂದ ಹೊರಬಂದ ಮರಿಯ ಗಾತ್ರ ಕಡಲೆಕಾಳಿನಷ್ಟು. ಮೊದಲ ಕೆಲವು ದಿನ ಒಡಲಲ್ಲಿ ಉಳಿದ ಹಳದಿಭಂಡಾರದಿಂದ ಹೇಗೋ ನಡೆದೀತು. ಅಷ್ಟರೊಳಗಾಗಿ ಅದಕ್ಕೆ ಜೀವಂತ ಬೇಟೆ ಸಿಕ್ಕಲೇಬೇಕು. ಸಮುದ್ರದಲ್ಲಿ ಮೈಸಿಡ್ ಎಂಬ ಕಿರುಸೀಗಡಿಗಳು ಇದಕ್ಕೆ ಒದಗಿಬರುತ್ತವೆ. ಹುಟ್ಟಿದ ಮರಿ ಯಾರೂ ಕಲಿಸದೆ ಮೈಸಿಡ್‌ಗಳ ಮೇಲೆ ಎರಗುವುದನ್ನು 1958ರಲ್ಲಿಯೇ ಮಾರ್ಟಿನ್ ವೆಲ್ಸ್ ಎಂಬ ವಿಜ್ಞಾನಿ ವಿವರಿಸಿದ್ದರು. ಹಾಗೆಂದು ಎಲ್ಲವೂ ಹುಟ್ಟುಗುಣವೆಂದು ತಿಳಿಯಬಾರದು. ಮೊಟ್ಟೆ ಒಡೆಯುವ ಕಾಲ ಸಮೀಪಿಸಿದಾಗ ಅದರ ಹೊದಿಕೆ ಪಾರದರ್ಶಕವಾಗಿರುತ್ತದೆ. ಮೊಟ್ಟೆಯೊಳಗಿದ್ದಾಗಲೇ ಹೊರಗಿನ ಏಡಿಮರಿಗಳನ್ನು ಕಂಡಿದ್ದ ಕಟಲ್ ಮರಿಗಳು ಹುಟ್ಟಿದ ಮೇಲೆ ಸೀಗಡಿಗಿಂತ ಏಡಿಯನ್ನೇ ಹೆಚ್ಚಾಗಿ ಆರಿಸಿಕೊಂಡುವೆಂದು ಫ್ರಾನ್ಸಿನ ಸಂಶೋಧಕರು 2008ರಲ್ಲಿ ಪ್ರಕಟಿಸಿದರು. ಗರ್ಭದಲ್ಲಿದ್ದಾಗಲೇ ಚಕ್ರವ್ಯೂಹದ ಕಥೆ ಕೇಳಿದ ಅಭಿಮನ್ಯುವಿನ ನೆನಪು ಬಂದರೆ ತಪ್ಪೇನಿಲ್ಲ!

ನಮ್ಮ ದೇಶದಲ್ಲಿಯೂ ಈ ಕೆಲಸ ನಡೆದಿದೆ. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕೇರಳದ ವಿಳಿಂಞದಲ್ಲಿರುವ ತಮ್ಮ ಕೇಂದ್ರದಲ್ಲಿ ಸೀಪಿಯ ಫರವೋನಿಸ್‌ನ ಮೊಟ್ಟೆಗಳಿಂದ ಮರಿಮಾಡಿಸಿ, ತೊಟ್ಟಿಯಲ್ಲಿ ಬೆಳೆಸಿ, ಅವು ಜೊತೆಗೂಡುವುದನ್ನೂ ಗಮನಿಸಿ, ವರದಿಯನ್ನು 2005ರಲ್ಲಿ ಪ್ರಕಟಿಸಿದರು. ಪಕ್ಕದಲ್ಲಿಯೇ ಕಡಲಿರುವವರಿಗೆ ಜೀವಂತ ಆಹಾರವನ್ನು ಒದಗಿಸುವುದು ಅಷ್ಟು ಕಷ್ಟವಲ್ಲ. ಒಳನಾಡಿನವರ ಗತಿಯೇನು?

ಆರ್ಟೀಮಿಯ ಎಂಬ ಉಪ್ಪುನೀರಿನ ಸೀಗಡಿ ಇಲ್ಲಿ ಮೊದಲು ನೆನಪಿಗೆ ಬರುತ್ತದೆ. ಇದರ ಒಣಮೊಟ್ಟೆಗಳು ಡಬ್ಬಿಗಳಲ್ಲಿ ಮಾರಾಟಕ್ಕೆ ಬರುತ್ತವೆ. ಉಪ್ಪುನೀರಿಗೆ ಹಾಕಿ ಗಾಳಿಯಾಡಿಸಿದರೆ ಒಂದೆರಡು ದಿನಗಳೊಳಗೆ ಮರಿಗಳು ಹೊರಬರುತ್ತವೆ. ಇದಕ್ಕಿಂತ ಸುಲಭವಾದುದು ಬೇರೊಂದಿಲ್ಲವಾದುದರಿಂದ ಹೊಸಬರು ಇದನ್ನೇ ನಂಬುತ್ತಾರೆ, ಮೋಸಹೋಗುತ್ತಾರೆ. ಆರ್ಟೀಮಿಯವನ್ನೇ ತಿಂದ ಮರಿಗಳು ಬೇಟೆಯಾಡುತ್ತವೆ, ಹೊಟ್ಟೆಯನ್ನೂ ತುಂಬಿಸಿಕೊಳ್ಳುತ್ತವೆ. ಆದರೂ ಸರಿಯಾಗಿ ಬೆಳೆಯುವುದಿಲ್ಲ, ದಿನಕಳೆದಂತೆ ಸಾಯತೊಡಗುತ್ತವೆ. ಹೊಟ್ಟೆ ತುಂಬಿದರೂ ಪೋಷಣೆಯಿಲ್ಲದಿರುವುದು ಎಂದರೆ ಇದೇ. ಕಟಲ್ ಮೀನಿಗೆ ಕೊಬ್ಬು ಹೆಚ್ಚು ಬೇಡ. ಅದು ಶಕ್ತಿಯನ್ನು ಬಹುಮಟ್ಟಿಗೆ ಪ್ರೋಟೀನಿನಿಂದಲೇ ಪಡೆಯುತ್ತದೆ. ಬೇಕಾದ ಅಲ್ಪಸ್ವಲ್ಪ ಕೊಬ್ಬು ಮಾತ್ರ ವಿಶಿಷ್ಟವಾದುದಾಗಿರಬೇಕು: ಡಿ.ಎಚ್.ಎ. ಮತ್ತು ಇ.ಪಿ.ಎ. ಎಂಬ ಉದ್ದ ಸರಪಳಿಯ ಮೇದಾಮ್ಲಗಳು ಅದರಲ್ಲಿರಬೇಕು. ಕಡಲಿನ ಸೂಕ್ಷ್ಮ ಸಸ್ಯಗಳು ಇವನ್ನು ತಯಾರಿಸುತ್ತವೆ; ಅವುಗಳನ್ನು ತಿಂದ ಮೈಸಿಡ್‌ಗಳಲ್ಲಿ ಇವು ಸಂಗ್ರಹವಾಗುತ್ತವೆ. ಡಬ್ಬಿಯ ಆರ್ಟೀಮಿಯದಲ್ಲಿ ಡಿ.ಎಚ್.ಎ. ಇಲ್ಲವೆನ್ನುವಷ್ಟು ಕಡಿಮೆ.

ಇನ್ನೊಂದು ಬೇಡಿಕೆ ತಾಮ್ರದ್ದು. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹೀಮೊಗ್ಲೋಬಿನ್ನಿನಲ್ಲಿ ಕಬ್ಬಿಣವಿರುವುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಕಟಲ್ ಮೀನಿನಲ್ಲಿ ಆ ಕೆಲಸ ಮಾಡುವುದು ಹೀಮೊಸಯನಿನ್, ಅದರಲ್ಲಿರುವುದು ತಾಮ್ರ, ಆಮ್ಲಜನಕ ಕೂಡಿದಾಗ ಅದರ ರಕ್ತ ನೀಲಿ. ಸೀಗಡಿ, ಏಡಿಗಳ ರಕ್ತದಲ್ಲಿಯೂ ಹೀಮೊಸಯನಿನ್ನೇ ಇರುವುದರಿಂದ ಅವುಗಳನ್ನು ತಿಂದ ಕಟಲ್ ಮೀನಿಗೆ ತಾಮ್ರ ತಾನಾಗಿಯೇ ದೊರೆಯುತ್ತದೆ. ಹಾಗಾದರೆ ನೀರಿಗೇ ಸ್ವಲ್ಪ ತಾಮ್ರ ಬೆರೆಸಬಾರದೇಕೆ ಎಂದು ಚುರುಕಾದ ವಿದ್ಯಾರ್ಥಿ ಕೇಳಿಯಾನು. ಕೂಡದು! ಆಹಾರದ ಮೂಲಕ ಅಮೃತವಾದ ಅದೇ ತಾಮ್ರ ನೀರಿನಲ್ಲಿ ಕರಗಿದ್ದರೆ ಇದಕ್ಕೆ ವಿಷ. ಮೀನಿನ ರೋಗಗಳಿಗೆ ಬಳಸುವ ತಾಮ್ರದ ಔಷಧವನ್ನು ಕಟಲ್ ಮೀನಿರುವ ತೊಟ್ಟಿಗೆ ಹಾಕಿದರೆ ಅದು ಸತ್ತಂತೆಯೇ ಸರಿ.

ಮರಿ ಒಂದು ತಿಂಗಳಷ್ಟು ಬೆಳೆದ ಮೇಲೆ ಸತ್ತ ಆಹಾರವನ್ನು ಒಪ್ಪುವಂತೆ ಅದನ್ನು ಪಳಗಿಸಬಹುದು. ಮಂಜುಗಟ್ಟಿಸಿದ ಕಡಲ ಸೀಗಡಿಯನ್ನು, ಬೇಯಿಸದೆ, ಉಪ್ಪು-ಮಸಾಲೆ ಸೋಕಿಸದೆ, ಕರಗಿಸಿ, ಸಣ್ಣ ಕಡ್ಡಿಯ ತುದಿಯಲ್ಲಿ ಹಿಡಿದು ಜೀವವಿರುವಂತೆ ಅಲುಗಾಡಿಸಬೇಕು. ಮೊದಲ ದಿನಗಳಲ್ಲಿ ಅದು ಹಿಡಿದು ಉಗುಳಿಬಿಡುವುದುಂಟು. ತಾಳ್ಮೆಯಿಂದ ಮುಂದುವರಿಸಿದರೆ ಕೆಲವೇ ದಿನಗಳಲ್ಲಿ ಕಡ್ಡಿ ಕಂಡೊಡನೆಯೇ ಎದುರಿಗೆ ಬಂದು ನಿಲ್ಲುತ್ತದೆ. ಊಟದ ವೇಳೆಯನ್ನು ನೆನಪಿಡುವುದರಲ್ಲಿ ಇದರ ಬುದ್ಧಿ ಅಸಾಧಾರಣ. ಇರುಳು ಸೀಗಡಿ ಖಂಡಿತ ಸಿಕ್ಕುವುದೆಂದು ಅನುಭವದಿಂದ ಅರಿತ ಕಟಲ್ ಮೀನುಗಳು ಹಗಲಿನಲ್ಲಿ ಕೊಟ್ಟ ಏಡಿಯನ್ನು ಕಡಿಮೆ ತಿಂದು ಹೊಟ್ಟೆಯಲ್ಲಿ ಜಾಗ ಉಳಿಸಿಕೊಂಡವೆಂದು 2020ರ ಒಂದು ಪ್ರಯೋಗ ತೋರಿಸಿತು. ಮದುವೆಯ ಊಟ ಕಾದಿರುವಾಗ ಬೆಳಗಿನ ಉಪ್ಪಿಟ್ಟನ್ನು ಮುಟ್ಟದ ನಮ್ಮವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ. ಊಟಕ್ಕೆ ಸೀಗಡಿಯೇ ಮುಖ್ಯ. ನಡುನಡುವೆ ಏಡಿ, ಆಗೊಮ್ಮೆ ಈಗೊಮ್ಮೆ ಕಡಲಮೀನಿನ ತುಂಡು ಇದ್ದರೆ ಒಳ್ಳೆಯದು.

ಎಷ್ಟು ಕೊಡಬೇಕು? ಬೆಳೆಯುವ ಮರಿಯು ದಿನಕ್ಕೆ ತನ್ನ ತೂಕದ ಐದರಲ್ಲೊಂದು ಭಾಗದಷ್ಟನ್ನೋ ಇನ್ನೂ ಹೆಚ್ಚನ್ನೋ ತಿನ್ನಬಲ್ಲದು; ದೊಡ್ಡದಾದಂತೆ ಈ ಪ್ರಮಾಣ ಹತ್ತರಲ್ಲೊಂದು ಭಾಗಕ್ಕೆ, ಅದಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ. ನೂರು ಗ್ರಾಂ ತೂಗುವ ಪ್ರಾಣಿಗೆ ದಿನಕ್ಕೆ ಹತ್ತು ಗ್ರಾಂ ಸೀಗಡಿಯೆಂದರೂ ತಿಂಗಳಿಗೆ ಮುನ್ನೂರು ಗ್ರಾಂ ಆಯಿತು. ಒಟ್ಟಿಗಿರುವ ಮರಿಗಳನ್ನು ಹಸಿದಿರಗೊಟ್ಟರೆ ದೊಡ್ಡದು ಚಿಕ್ಕದನ್ನೇ ತಿನ್ನುತ್ತದೆ. ಹಾಗೆಂದು ಒಮ್ಮೆಗೇ ಸುರಿಯಲೂ ಬಾರದು. ಪ್ರೋಟೀನನ್ನೇ ಉರಿಸುವ ಪ್ರಾಣಿಯಾದುದರಿಂದ ಅದೇ ತೂಕದ ಮೀನಿಗಿಂತ ಎರಡು ಮೂರು ಪಟ್ಟು ಅಮೋನಿಯವನ್ನು ಇದು ವಿಸರ್ಜಿಸುತ್ತದೆ. ತಿಂದುಳಿದ ತುಂಡುಗಳೂ ಕೊಳೆತರೆ ನೀರು ಬೇಗನೆ ವಿಷವಾಗುತ್ತದೆ. ಅಮೋನಿಯವನ್ನು ನೈಟ್ರೇಟನ್ನಾಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳು ಶೋಧಕದಲ್ಲಿ ನೆಲೆಗೊಳ್ಳಲು ವಾರಗಳೇ ಹಿಡಿಯುವುದರಿಂದ, ತೊಟ್ಟಿಯನ್ನು ಬಹಳ ಮುಂಚಿತವಾಗಿ ಸಿದ್ಧಗೊಳಿಸಿರಬೇಕು.

ಈಗ ನಮ್ಮ ಐದು ಊರುಗಳಿಗೆ ಹಿಂದಿರುಗೋಣ. ಹಗರಿಬೊಮ್ಮನಹಳ್ಳಿಯ ಹತ್ತಿರ ಮಾಲವಿ ಜಲಾಶಯವಿದೆ. ತುಂಗಭದ್ರೆಯ ಹಿನ್ನೀರೂ ದೂರವಲ್ಲ. ಸಿಹಿನೀರಿನ ಸೀಗಡಿ, ಕಿರುಮೀನುಗಳನ್ನು ಕೊಟ್ಟು ಕಟಲ್ ಮೀನನ್ನು ಸಾಕಲಾಗದೆ? ಬಿಟ್ಟರೆ ಅದು ಅವುಗಳನ್ನು ಹಿಡಿದು ತಿನ್ನುವುದೇನೋ ನಿಜ. ಆದರೆ ಸಿಹಿನೀರಿನ ಜೀವಿಗಳಲ್ಲಿ ಆ ಕಡಲ ಮೇದಾಮ್ಲಗಳು ಸಾಮಾನ್ಯವಾಗಿ ಕಡಿಮೆ. ಅವು ಒಂದೆರಡು ಹೊತ್ತಿನ ಆಪದ್ಧರ್ಮಕ್ಕೆ ಸರಿಯೇ ಹೊರತು ನಿತ್ಯದ ಊಟಕ್ಕೆ ಸಾಲವು. ಕೊಡುವ ಮೊದಲು ಅವುಗಳಿಗೇ ಕಡಲಪಾಚಿ, ಮೀನೆಣ್ಣೆಗಳನ್ನು ತಿನ್ನಿಸಿ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವ ಉಪಾಯವಿದೆ. ನೀರಿನ ಮಾತು ಬೇರೆಯೇ ಇದೆ: ಪ್ರತಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳು ಬೇಕು, ಅದೂ ಅಡುಗೆಯ ಉಪ್ಪು ಮಾತ್ರವಲ್ಲ, ಮೆಗ್ನೀಸಿಯಮ್, ಕ್ಯಾಲ್ಸಿಯಮ್, ಪೊಟ್ಯಾಸಿಯಮ್ ಎಲ್ಲವೂ ಸಮುದ್ರದ ಪ್ರಮಾಣದಲ್ಲಿ. ಬೇಸಗೆಯಲ್ಲಿ ನಮ್ಮ ಮನೆಗಳೊಳಗಿನ ಸೆಕೆಯಲ್ಲಿ ಆ ನೀರನ್ನು ತಂಪಾಗಿಡಬೇಕು. ಕೊಳವೆಬಾವಿಯ ನೀರಿಗಾಗಿ ಸರದಿಯಲ್ಲಿ ಕೊಡವಿಡುವ ಊರಿನಲ್ಲಿ ಇಂತಹ ಸಾಹಸಕ್ಕೆ ಯಾರನ್ನಾದರೂ ಹುರಿದುಂಬಿಸಲು ನನಗೆ ಮನಸ್ಸಿಲ್ಲ. ಇಷ್ಟೆಲ್ಲ ಮಾಡಿದರೂ ಅದರ ಆಯುಸ್ಸು ಒಂದು ವರ್ಷ, ಹೆಚ್ಚೆಂದರೆ ಎರಡು.

ಆದರೆ ಆ ಚಿಪ್ಪು ನಿಮ್ಮ ಕೈಯಲ್ಲಿದೆಯಲ್ಲ! ಅದನ್ನು ಹರಿತವಾದ ಚಾಕುವಿನಿಂದ ಉದ್ದಕ್ಕೆ ಮೆಲ್ಲನೆ ಸೀಳಿ, ಸೀಳಿದ ಮುಖವನ್ನು ಶಾಲೆಯ ಭೂತಗಾಜಿನ ಕೆಳಗೆ ಹಿಡಿಯಿರಿ. ಸಾಲುಸಾಲಾದ ತೆಳುಹಾಳೆಗಳು ಕಾಣುತ್ತವೆ. ಒಂದು ಮಿಲಿಮೀಟರಿನೊಳಗೆ ಎಷ್ಟು ಹಾಳೆಗಳಿವೆಯೆಂದು ಬೇರೆಬೇರೆ ಕಡೆಗಳಲ್ಲಿ ಎಣಿಸಿ ಬರೆದುಕೊಳ್ಳಿ. ಎಲ್ಲಿ ಅವು ದೂರದೂರವಾಗಿವೆಯೋ ಅಲ್ಲಿ ಪ್ರಾಣಿಗೆ ಸೀಗಡಿ ಚೆನ್ನಾಗಿ ಸಿಕ್ಕಿರಬೇಕು. ಎಲ್ಲಿ ಒತ್ತಾಗಿವೆಯೋ ಅಲ್ಲಿ ಅದು ಹಸಿದಿದ್ದಿರಬೇಕು, ಇಲ್ಲವೆ ತಣ್ಣೀರಿನಲ್ಲಿ ಕಾಲ ಕಳೆದಿರಬೇಕು, ಏಕೆಂದರೆ ಚಳಿಯೂ ಹಾಳೆಗಳನ್ನು ಒತ್ತಾಗಿಸುತ್ತದೆ. ಎರಡು ಮೂರು ಚಿಪ್ಪುಗಳನ್ನು ಹೋಲಿಸಿ ನೋಡಿದರೆ ಎಲ್ಲವುಗಳ ಲೆಕ್ಕವೂ ಒಂದೇ ಆಗಿಲ್ಲವೆಂಬುದು ನಿಮಗೇ ಕಾಣುತ್ತದೆ.